ಅಮಲು ಯಾರದು?

ಹುಮನಾಬಾದಿನಿಂದ ಹೈದರಾಬಾದಿನ ಕಡೆ ಹೊರಟರೆ ತೆಲಂಗಾಣದ ಗಡಿಗೆ ಮುಂಚೆ ಮನ್ನಾಏಖೇಳ್ಳಿ ಸಿಗುತ್ತದೆ. ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿದ್ದ ಊರು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದೆ. ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್, ವಿಜಯವಾಡ ಹಾದು ಮಚಲೀಪಟ್ಟಣದ ಕಡಲಿಗೆ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 65 ಇಲ್ಲಿಂದಲೇ ಹಾಯುತ್ತದೆ. ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಇಲ್ಲಿನವರ ಬಾಯಲ್ಲಿ ಬೆರೆತಿರುವುದರಿಂದ ಶಬ್ದಗಳಿಗೆ ಗಡಿಯಿಲ್ಲ. "ಅವಗ ಅಮಲ ಏರ್ಯಾದ" ಎಂದರೆ ಕುಡಿದಿದ್ದಾನೆ ಎಂದರ್ಥ. "ಆಗ ನಿಜಾಮನ ಅಮಲ ಇತ್ತು" ಎಂದರೆ ನಿಜಾಮನ ಆಡಳಿತವಿತ್ತು ಎಂದರ್ಥ. ಹೊಸ ಕಾನೂನು "ಅಮಲಿಗೆ ಬರುತ್ತದೆ", ಕೋರ್ಟಿನ ಡಿಕ್ರಿ "ಅಮಲ್ಜಾರಿ" ಆಗುತ್ತದೆ. ಉಮರ್ಗಾದ ಕಡೆಯ ಮರಾಠಿ ಪತ್ರಿಕೆ ಬಿಡಿಸಿದರೆ ಕಾನೂನು ಜಾರಿ ಮಾಡುವುದಕ್ಕೆ "ಅಂಮಲಬಜಾವಣಿ", ಪೊಲೀಸರು ಹಿಡಿದ ಮಾದಕ ವಸ್ತುವಿಗೆ "ಅಂಮಲೀ ಪದಾರ್ಥ". ಹಿಡಿಯುವ ಕೈಗೂ ಹಿಡಿದ ಮಾಲಿಗೂ ಹೆಸರು ಒಂದೇ.

ಕುಡಿತದ ಮಂಪರಿಗೂ ಸರ್ಕಾರಕ್ಕೂ ಒಂದೇ ಶಬ್ದ ಬಂದದ್ದು ಹೇಗೆ? ಈ ಪ್ರಶ್ನೆ ಈಗ ನಿಘಂಟಿನ ಪುಟದಲ್ಲಷ್ಟೇ ಉಳಿದಿಲ್ಲ. ಮೆಫೆಡ್ರೋನ್, ಮೆಥಾಂಫೆಟಮೈನ್, ಎಂಡಿಎಂಎ ಎಂಬ ಹೆಸರುಗಳು ಕನ್ನಡ ಪತ್ರಿಕೆಗಳಿಗೆ ಬಂದು ಬಹಳ ದಿನವಾಯಿತು. "ಎಂಡಿ", "ಪುಡಿ", "ಮಾಲ್" ಎಂಬ ಸಣ್ಣ ಹೆಸರುಗಳಲ್ಲಿ ಅವು ಹುಡುಗರ ಕಿವಿಗೂ ಬಿದ್ದಿವೆ. ಇವನ್ನೆಲ್ಲ ನಾವು ಒಟ್ಟಾಗಿ ಅಮಲು ಪದಾರ್ಥ ಎನ್ನುತ್ತೇವೆ. ಆದರೆ ಅಮಲು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ತೂರಾಡುವ ಕಾಲು, ತೊದಲುವ ನಾಲಿಗೆ, ವಾಸನೆ ಹೊಡೆಯುವ ಬಾಯಿ. ಈ ಹೊಸ ಪುಡಿಗಳಲ್ಲಿ ಆ ಮೂರೂ ಇಲ್ಲ. ನಮ್ಮ ಕಣ್ಣು ಹಳೆಯ ಅಮಲನ್ನು ಹುಡುಕುತ್ತಿರುವಾಗ ಹೊಸ ಅಮಲು ಮನೆಯೊಳಗೆ ಬಂದು ಕೂತಿರುತ್ತದೆ. ಶಬ್ದದ ಪೂರ್ತಿ ಚರಿತ್ರೆಯನ್ನು ಮತ್ತೆ ನೆನಪಿಗೆ ತಂದುಕೊಂಡರೆ ಈ ಹೊಸದನ್ನು ಗುರುತಿಸಲು ಅದೇ ಶಬ್ದ ನಮಗೆ ಸಹಾಯ ಮಾಡುತ್ತದೆ ಎಂಬುದು ನನ್ನ ನಂಬಿಕೆ.

ಅಮಲು ಅರಬಿಯಿಂದ ಬಂದ ಶಬ್ದ. ಅಲ್ಲಿ ಐನ್, ಮೀಮ್, ಲಾಮ್ ಎಂಬ ಮೂರು ವ್ಯಂಜನಗಳ ಧಾತುವಿಗೆ ಕೆಲಸ ಮಾಡು ಎಂಬ ಅರ್ಥ. "ಅಮಲ್" ಎಂದರೆ ಕೆಲಸ, ಮಾಡಿದ ಕರ್ಮ. ಕೆಲಸ ಮಾಡುವವನು, ಆಮೇಲೆ ದೊರೆಯ ಪರವಾಗಿ ಕಂದಾಯ ಎತ್ತುವವನು, "ಆಮಿಲ್". ಇಬ್ಬರ ನಡುವಿನ ವ್ಯವಹಾರ "ಮುಆಮಲಾ". ನಮ್ಮ "ಮಾಮಲೆ", "ಮಾಮಲೇದಾರ" ಅಲ್ಲಿಂದ ಬಂದವು. ಮಾಡಿ ಮಾಡಿ ರೂಢಿಯಾದದ್ದು "ಮಾಮೂಲ್". ಕನ್ನಡದಲ್ಲಿ ಅದು "ಮಾಮೂಲು" ಆಗಿ ದಿನನಿತ್ಯದ ಸಂಗತಿಗೂ, ಕಚೇರಿಯಲ್ಲಿ ಕದ್ದು ಕೊಡುವ ಹಣಕ್ಕೂ ಹೆಸರಾಯಿತು. ಅಮಲು, ಮಾಮಲೆ, ಮಾಮೂಲು ಒಂದೇ ಬೇರಿನ ಮಕ್ಕಳು ಎಂಬುದು ಕನ್ನಡದ ಕಿವಿಗೆ ತಟ್ಟನೆ ಹೊಳೆಯುವುದಿಲ್ಲ.

ಸಂಸ್ಕೃತದ "ಅಮಲ" ಇದಕ್ಕೆ ಯಾವ ನಂಟೂ ಇಲ್ಲದ ಬೇರೆ ಶಬ್ದ. ಅದು ಮಲವಿಲ್ಲದ್ದು, ನಿರ್ಮಲವಾದದ್ದು. ಹುಳಿಯ "ಆಮ್ಲ"ವೂ ಬೇರೆಯೇ. ಒಂದೇ ಸದ್ದಿನ ಎರಡು ಶಬ್ದಗಳಲ್ಲಿ ಒಂದು ಶುದ್ಧಿಗೂ ಇನ್ನೊಂದು ನಶೆಗೂ ನಿಂತದ್ದು ಆಕಸ್ಮಿಕ. ಅದರಿಂದ ಅರ್ಥ ಹಿಂಡಲು ಹೋಗಬಾರದು.

ಈ ಅರಬಿ ಶಬ್ದ ಪಾರಸಿಯ ಕೈಹಿಡಿದು ದಖನ್ನಿಗೆ ಬಂತು. 15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಗಿಲಾನ್ ಪ್ರಾಂತದಿಂದ ಬಂದ ಮಹಮೂದ್ ಗವಾನ್ ಇಲ್ಲಿ ಮಂತ್ರಿಯಾಗಿ ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಆಡಳಿತವನ್ನು ಬಿಗಿಗೊಳಿಸಿದ. ಅವನು 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ದರಬಾರಿನ ಭಾಷೆ ಪಾರಸಿಯಾದಾಗ ಕಂದಾಯ, ನ್ಯಾಯ, ದಫ್ತರುಗಳ ಶಬ್ದಗಳು ಸಾಲಾಗಿ ಕನ್ನಡಕ್ಕೆ ಇಳಿದವು. ರಾಜಮನೆತನಗಳು ಬದಲಾದರೂ ಶಬ್ದಗಳು ಬದಲಾಗಲಿಲ್ಲ. ಮರಾಠರೂ ಅದೇ ಶಬ್ದ ಬಳಸಿದರು, ನಿಜಾಮರೂ ಬಳಸಿದರು, ಮೈಸೂರಿನಲ್ಲಿ ಟಿಪ್ಪುವೂ ಬಳಸಿದ. 1956ರಲ್ಲಿ ರಾಜ್ಯ ಒಂದಾದಾಗ ತಾಲ್ಲೂಕಿನ ದೊಡ್ಡ ಅಧಿಕಾರಿಗೆ ಹಳೆಯ ಮೈಸೂರಿನಲ್ಲಿ ಅಮಲ್ದಾರ, ಮುಂಬೈ ಕರ್ನಾಟಕದಲ್ಲಿ ಮಾಮಲೇದಾರ, ಬೀದರ್ ಸೇರಿದ ಹೈದರಾಬಾದ್ ಕರ್ನಾಟಕದಲ್ಲಿ ತಹಸೀಲ್ದಾರ ಎಂಬ ಮೂರು ಹೆಸರುಗಳಿದ್ದವು. ಉಳಿದದ್ದು ಮೂರನೆಯದು. ಮೊದಲ ಎರಡೂ ಕೆಲಸ ಎಂಬ ಒಂದೇ ಧಾತುವಿನಿಂದ ಹುಟ್ಟಿದವು.

ಕೆಲಸ ಎಂಬ ಶಬ್ದ ಆಳ್ವಿಕೆಯಾದ ದಾರಿ ಸುಲಭ. ದೊರೆಯ ಮಾತು ಕೆಲಸಕ್ಕೆ ಬಂದರೆ ಅದೇ ಆಳ್ವಿಕೆ. ಬಾರದಿದ್ದರೆ ಅದು ಬರೀ ಕಾಗದ. ಆಳ್ವಿಕೆ ನಶೆಯಾದದ್ದು ಹೇಗೆ ಎಂಬುದಕ್ಕೆ ವೈದ್ಯರ ಮಾತನ್ನು ನೋಡಬೇಕು. ಪಾರಸಿಯಲ್ಲಿ ಮದ್ದಿನ ಪರಿಣಾಮಕ್ಕೆ "ಅಮಲ್" ಎನ್ನುತ್ತಾರೆ. ನಾವೂ "ಗುಳಿಗಿ ಕೆಲಸ ಮಾಡ್ತು" ಎನ್ನುವುದಿಲ್ಲವೇ? ತುರ್ಕಿ ಭಾಷೆಯಲ್ಲಿ "ಅಮೆಲ್" ಎಂದರೆ ಕರ್ಮ, ಜೊತೆಗೆ ಭೇದಿಯೂ ಹೌದು. ಜುಲಾಬಿನ ಮದ್ದು ಕೆಲಸ ಮಾಡಿದ್ದರ ಗುರುತು ಅದು. ಭಂಗಿ, ಅಫೀಮು, ಸೆರೆ ಒಳಗೆ ಹೋಗಿ ಕೆಲಸ ಶುರುಮಾಡಿದಾಗ ಅದಕ್ಕೂ ಅದೇ ಹೆಸರು ಸಂದಿತು. ಮಾರವಾಡದಲ್ಲಿ "ಅಮಲ್" ಎಂದರೆ ನೇರವಾಗಿ ಅಫೀಮು. ಬಂದ ಅತಿಥಿಗೆ ಅದನ್ನು ನೀರಿನಲ್ಲಿ ಕದಡಿ ಕೊಡುವ ಪದ್ಧತಿ ಅಲ್ಲಿತ್ತು. ಇರಾನಿನ ಆಡುಮಾತಿನಲ್ಲಿ "ಅಮಲೀ" ಎಂದರೆ ವ್ಯಸನಿ. ಪಂಜಾಬಿಯಲ್ಲೂ "ಅಮಲೀ" ಎಂದರೆ ವ್ಯಸನಿಯೇ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಬರುವ ಯಾತ್ರಿಕರು ಈ ಶಬ್ದವನ್ನು ನಮ್ಮಂತೆಯೇ ಎರಡೂ ಅರ್ಥಗಳಲ್ಲಿ ಬಲ್ಲರು. ಸಿಖ್ಖರ ಧರ್ಮಗ್ರಂಥದಲ್ಲಿ ಅದು ಕರ್ಮವಾಗಿಯೂ ಬರುತ್ತದೆ, ನಶೆಯಾಗಿಯೂ ಬರುತ್ತದೆ. ಮೋಲ್ಸ್‌ವರ್ತನ ಮರಾಠಿ ನಿಘಂಟು 1831ರಲ್ಲಿ ಮೊದಲು ಅಚ್ಚಾಯಿತು. ಆಡಳಿತ, ಮದ್ದಿನ ಪ್ರಭಾವ, ಮದ ಎಲ್ಲ ಅರ್ಥಗಳೂ ಈ ಶಬ್ದಕ್ಕೆ ಅದರಲ್ಲಿವೆ.

ಅಮಲು ಬರುವ ಮುಂಚೆ ಕನ್ನಡಕ್ಕೆ ಈ ಸ್ಥಿತಿಯನ್ನು ಹೇಳಲು ಶಬ್ದಗಳ ಬಡತನವಿರಲಿಲ್ಲ. ಹಳಗನ್ನಡದ "ಸೊರ್ಕು", ನಮ್ಮ "ಸೊಕ್ಕು", ದ್ರಾವಿಡದ ಸ್ವಂತ ಶಬ್ದ. ತಮಿಳಿನಲ್ಲೂ ಅದರ ಬಂಧುವಿದೆ. ಸಂಸ್ಕೃತದಿಂದ ಬಂದ ಮದ, ಮತ್ತು, ಮಾದಕ ಇದ್ದವು. 12ನೇ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರರೇ ಇದ್ದರು. ಹೆಂಡ ಮಾರುವುದು ಅವರ ವೃತ್ತಿ. ಹೆಂಡದ ನಶೆಯ ಬಗ್ಗೆ ಅವರಿಗಿಂತ ಹತ್ತಿರದಿಂದ ಯಾರು ತಾನೇ ಬರೆಯಬಲ್ಲರು? ಅವರ ಕಾಲಕ್ಕೆ ಅಮಲು ಎಂಬ ಅರಬಿ ಶಬ್ದ ಕನ್ನಡಕ್ಕೆ ಬಂದಿರಲಿಲ್ಲ. ಕೆಲಸಕ್ಕೆ ಕಲ್ಯಾಣ ಕೊಟ್ಟ ಶಬ್ದ "ಕಾಯಕ". ಮೈಯಿಂದ ಮಾಡುವುದು, ಮೈಯನ್ನು ಸವೆಸುವುದಾದರೂ ಮನುಷ್ಯನನ್ನು ಎತ್ತುವುದು. ಅದೇ ನೆಲಕ್ಕೆ ಕೆಲವು ಶತಮಾನಗಳ ನಂತರ ಕೆಲಸ ಎಂಬ ಅರ್ಥದ್ದೇ ಇನ್ನೊಂದು ಶಬ್ದ ಬಂದು ಆಳ್ವಿಕೆಯಾಯಿತು, ನಶೆಯಾಯಿತು.

ಹಳೆಯ ಶಬ್ದಗಳಿಗೂ ಅಮಲಿಗೂ ವ್ಯಾಕರಣದಲ್ಲಿ ಒಂದು ವ್ಯತ್ಯಾಸವಿದೆ. ಸೊಕ್ಕು ಕ್ರಿಯಾಪದವಾಗುತ್ತದೆ: ಆನೆ ಸೊಕ್ಕಿತು, ಅವನು ಸೊಕ್ಕಿದ. ಸೊಕ್ಕಿದವನು ಅವನೇ, ಆ ಕ್ರಿಯೆಯ ಕರ್ತೃ ಅವನೇ. ಅದಕ್ಕೇ ಸೊಕ್ಕಿನಲ್ಲಿ ಅಹಂಕಾರದ ಅರ್ಥವೂ ಸೇರಿದೆ, ಬೈಗುಳವೂ ಸೇರಿದೆ. ಅಮಲು ಕನ್ನಡದಲ್ಲಿ ಎಂದೂ ಕ್ರಿಯಾಪದವಾಗಲಿಲ್ಲ. ಅದು ಏರುತ್ತದೆ, ಇಳಿಯುತ್ತದೆ, ಬರುತ್ತದೆ, ಬಿಡುತ್ತದೆ. ವಾಕ್ಯದಲ್ಲಿ ಅಮಲೇ ಕರ್ತೃ; ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ಕೆಳಗೆ ನಿಂತಿರುತ್ತಾನೆ. ಈ ಶಬ್ದ ಬಳಸುವಾಗ ನಮ್ಮ ಹಿರಿಯರು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಸತ್ಯ ಹೇಳಿದರು: ಹೊರಗಿನದೊಂದು ಒಳಗೆ ಬಂದು ಆಡಳಿತ ನಡೆಸುತ್ತಿದೆ.

ಈ ಭಾಗದಲ್ಲಿ ಹೊರಗಿನ ಆಡಳಿತಕ್ಕೂ ಒಳಗಿನ ಆಡಳಿತಕ್ಕೂ ವ್ಯವಹಾರದ ನಂಟು ಬಹಳ ಹಳೆಯದು. "ಅಬಕಾರಿ" ಎಂಬ ಇಲಾಖೆಯ ಹೆಸರೇ ಅದನ್ನು ಹೇಳುತ್ತದೆ. ಪಾರಸಿಯಲ್ಲಿ ಆಬ್ ಎಂದರೆ ನೀರು, ಕಾರ್ ಎಂದರೆ ಕೆಲಸ. ನೀರಿನ ಕೆಲಸ ಎಂಬ ಹೆಸರಿನಲ್ಲಿ ಸೆರೆಯ ಮೇಲಿನ ತೆರಿಗೆ ಖಜಾನೆಗೆ ಬರುತ್ತಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಈಚಲ ಮರದಿಂದ ಇಳಿಸಿದ ಶೇಂದಿ ಬಡವರ ಪಾನೀಯವಾಗಿತ್ತು. ಬೇಡಿಕೆಗೆ ತಕ್ಕಷ್ಟು ಮರಗಳಿಲ್ಲದಾಗ ನೀರಿಗೆ ಸಕ್ಕರೆ ಬೆರೆಸಿ, ಅಮಲಿಗಾಗಿ ಕ್ಲೋರಲ್ ಹೈಡ್ರೇಟ್ ಹಾಕುವ ದಂಧೆ ಬೆಳೆಯಿತು. 1832ರಲ್ಲಿ ಜರ್ಮನಿಯ ಲೀಬಿಗ್ ತಯಾರಿಸಿದ, ಆಮೇಲೆ ನಿದ್ದೆಯ ಮದ್ದಾಗಿ ಬಳಕೆಗೆ ಬಂದ ರಾಸಾಯನಿಕ ಅದು. ನಂತರ ಡಯಾಜೆಪಾಮ್, ಆಲ್ಪ್ರಾಜೋಲಾಮ್ ಬಂದವು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟಪಲ್ಲಿಯಲ್ಲಿ ಕಲಬೆರಕೆ ಶೇಂದಿ ಕುಡಿದು ಹಲವರು ಸತ್ತಾಗ ಅದರಲ್ಲಿ ಆಲ್ಪ್ರಾಜೋಲಾಮ್ ಪತ್ತೆಯಾಯಿತು. ಅಂದರೆ ಈ ಸೀಮೆಗೆ ಕಾರ್ಖಾನೆಯ ನಶೆ ಹೊಸದಲ್ಲ. ಆದರೆ ಇಷ್ಟು ಕಾಲ ಬಂದದ್ದೆಲ್ಲ ಮಲಗಿಸುವ ನಶೆ. ಕಣ್ಣು ಮುಚ್ಚುತ್ತದೆ, ಮೈ ಕುಸಿಯುತ್ತದೆ, ರಸ್ತೆ ಬದಿಯಲ್ಲಿ ಬೀಳಿಸುತ್ತದೆ. ಅಮಲಿನ ಚಿತ್ರ ನಮ್ಮ ಮನಸ್ಸಿನಲ್ಲಿ ಹೀಗೆ ಗಟ್ಟಿಯಾಯಿತು.

ಈ ಹೊಸ ಪುಡಿಗಳು ಉತ್ತೇಜಕಗಳ ಜಾತಿಯವು; ಅವುಗಳ ಕಥೆ ಇದಕ್ಕೆ ತಿರುಗುಮುರುಗು. ಅದು ಶುರುವಾಗುವುದೇ ಕೆಲಸದಿಂದ. ಚೀನಿಯರು ಕೆಮ್ಮು, ಉಬ್ಬಸಗಳಿಗೆ ಬಳಸುತ್ತಿದ್ದ ಮಾಹುವಾಂಗ್ ಎಂಬ ಗಿಡದಿಂದ ಜಪಾನಿನ ನಾಗಾಯಿ ನಾಗಾಯೋಶಿ 1885ರಲ್ಲಿ ಎಫೆಡ್ರಿನ್ ಬೇರ್ಪಡಿಸಿದರು. 1887ರಲ್ಲಿ ಬರ್ಲಿನ್ನಿನಲ್ಲಿ ರುಮಾನಿಯಾದ ಲಜಾರ್ ಎಡೆಲೆಯಾನು ಆಂಫೆಟಮೈನ್ ತಯಾರಿಸಿದರು. 1893ರಲ್ಲಿ ನಾಗಾಯಿ ಅವರೇ ಎಫೆಡ್ರಿನ್‌ನಿಂದ ಮೆಥಾಂಫೆಟಮೈನ್ ಮಾಡಿದರು. ಜರ್ಮನಿಯ ಮರ್ಕ್ ಕಂಪನಿಯ ಪ್ರಯೋಗಾಲಯದಲ್ಲಿ 1912ರಲ್ಲಿ ಎಂಡಿಎಂಎ ಹುಟ್ಟಿತು. ಮೆಫೆಡ್ರೋನ್ 1929ರ ಹೊತ್ತಿಗೆ ರಸಾಯನಶಾಸ್ತ್ರದ ಪತ್ರಿಕೆಯಲ್ಲಿ ವರದಿಯಾಗಿತ್ತು. ಯೆಮನ್, ಇಥಿಯೋಪಿಯಾಗಳಲ್ಲಿ ಎಚ್ಚರವಾಗಿರಲು ಜಗಿಯುವ ಖಾತ್ ಎಲೆಯೊಳಗಿನ ಕ್ಯಾಥಿನೋನ್‌ಗೆ ಅದು ಹತ್ತಿರದ ಸಂಬಂಧಿ. ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ನಮ್ಮ ಅಜ್ಜ-ಮುತ್ತಜ್ಜರ ಕಾಲದಲ್ಲಿ. ಪೇಟೆಗೆ ಬಂದದ್ದು ಮಾತ್ರ ತಡವಾಗಿ.

ಎರಡನೇ ಮಹಾಯುದ್ಧ ಇವುಗಳಿಗೆ ಮೊದಲ ದೊಡ್ಡ ಪೇಟೆಯಾಯಿತು. ಜರ್ಮನಿಯಲ್ಲಿ 1938ರಿಂದ ಪೆರ್ವಿಟಿನ್ ಎಂಬ ಹೆಸರಿನಲ್ಲಿ ಮೆಥಾಂಫೆಟಮೈನ್ ಗುಳಿಗೆ ಮಾರಾಟವಾಗುತ್ತಿತ್ತು. 1940ರ ಏಪ್ರಿಲ್‌ನಿಂದ ಜುಲೈವರೆಗಿನ ಕೆಲವೇ ತಿಂಗಳಲ್ಲಿ ಇಂಥ ಸುಮಾರು 3.5 ಕೋಟಿ ಗುಳಿಗೆಗಳು ಆ ದೇಶದ ಸೈನ್ಯಕ್ಕೆ ಹೋದವು. ನಿದ್ದೆಯಿಲ್ಲದೆ ನಡೆಯಬೇಕು, ಹಸಿವಿಲ್ಲದೆ ಹೋರಾಡಬೇಕು. ಜಪಾನಿನಲ್ಲಿ ಅದೇ ಮದ್ದಿಗೆ ಇಟ್ಟ ಹೆಸರು "ಫಿಲೋಪಾನ್". ಅದರ ಹಿಂದಿರುವುದು ಗ್ರೀಕಿನ "ಫಿಲೋಪೊನೊಸ್", ಕೆಲಸವನ್ನು ಪ್ರೀತಿಸುವವನು. ಅರಬಿಯಲ್ಲಿ ಕೆಲಸ ಎಂಬ ಶಬ್ದ ಶತಮಾನಗಳಲ್ಲಿ ನಿಧಾನಕ್ಕೆ ನಶೆಯಾಯಿತು. ಜಪಾನಿನ ಒಂದು ಔಷಧ ಕಂಪನಿ ನಶೆಗೆ ಕೆಲಸ ಎಂಬ ಹೆಸರನ್ನು ಒಂದೇ ದಿನದಲ್ಲಿ ಇಟ್ಟುಬಿಟ್ಟಿತು. ಯುದ್ಧ ಮುಗಿದು ದಾಸ್ತಾನು ಹೊರಗೆ ಬಿದ್ದಾಗ ಸೋತು ಸುಣ್ಣವಾಗಿದ್ದ ಜನ ಅದಕ್ಕೆ ಮುಗಿಬಿದ್ದರು. 1951ರಲ್ಲಿ ಕಾನೂನು ಬಂತು. 1954ರ ಒಂದೇ ವರ್ಷದಲ್ಲಿ 55 ಸಾವಿರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಬೇಕಾಯಿತು.

ಅಮಲಿನ ಮೂಲ ಅರ್ಥ ಹೀಗೆ ಉತ್ತೇಜಕಗಳಲ್ಲಿ ಮರಳಿ ಬಂದಿದೆ. ಇದನ್ನು ಮೊದಲ ಸಲ ಮುಟ್ಟುವವರಲ್ಲಿ ಎಷ್ಟೋ ಮಂದಿ ಬಿದ್ದುಕೊಳ್ಳಲೆಂದು ಮುಟ್ಟುವುದಿಲ್ಲ. ರಾತ್ರಿಯೆಲ್ಲ ಓದಬೇಕು, ಎರಡು ಪಾಳಿ ದುಡಿಯಬೇಕು, ಗಾಡಿ ಓಡಿಸಬೇಕು, ಕುಣಿಯಬೇಕು, ತೂಕ ಇಳಿಸಬೇಕು, ಸಂಕೋಚ ಬಿಟ್ಟು ನಾಲ್ಕು ಜನರೊಡನೆ ಮಾತಾಡಬೇಕು. ಪುಡಿ ಒಳಗೆ ಹೋದ ಸ್ವಲ್ಪ ಹೊತ್ತಿಗೆ ದಣಿವು ಹೋಗುತ್ತದೆ, ತಾನು ಯಾರಿಗೂ ಕಡಿಮೆಯಿಲ್ಲ ಎನ್ನಿಸುತ್ತದೆ. ಮನೆಯವರಿಗೂ ಮೊದಲು ಅದು ಚುರುಕುತನವಾಗಿಯೇ ಕಾಣಬಹುದು. "ಮಗ ರಾತ್ರಿ ಎರಡ ತನಕ ಓದ್ತಾನ್ರಿ" ಎಂದು ತಾಯಿ ಹೆಮ್ಮೆಪಟ್ಟರೆ ತಪ್ಪು ಅವಳದಲ್ಲ. ಅಮಲು ಹೀಗೂ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿಲ್ಲ.

ಮಿದುಳಿನಲ್ಲಿ ನಡೆಯುವುದು ಅಕ್ಷರಶಃ ಅಧಿಕಾರದ ಹಸ್ತಾಂತರ. ಡೋಪಮಿನ್ ಎಂಬ ರಸವಾಹಕಕ್ಕೆ ಅಲ್ಲಿ ಒಂದು ಹೊಣೆಯಿದೆ: ಯಾವುದು ಮಾಡಲು ಯೋಗ್ಯ, ಯಾವುದನ್ನು ಮತ್ತೆ ಮಾಡಬೇಕು ಎಂದು ಗುರುತು ಹಾಕುವುದು. ಹಸಿದಾಗಿನ ಊಟ, ಗೆಳೆಯನ ಮಾತು, ಮುಗಿಸಿದ ಕೆಲಸ ಎಲ್ಲಕ್ಕೂ ಅದು ಅಳತೆಯಾಗಿ ಬಿಡುಗಡೆಯಾಗುತ್ತದೆ; ಮುಗಿದ ಮೇಲೆ ನರಕೋಶ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊಕೇನ್ ಈ ಎಳೆದುಕೊಳ್ಳುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಆಂಫೆಟಮೈನ್ ಜಾತಿಯವು ಇನ್ನೂ ಮುಂದೆ ಹೋಗುತ್ತವೆ. ಅವುಗಳ ಅಣು ಡೋಪಮಿನ್‌ನ ಅಣುವನ್ನೇ ಹೋಲುವುದರಿಂದ ಅದೇ ಬಾಗಿಲಿನಿಂದ ಒಳನುಗ್ಗಿ, ಕೂಡಿಟ್ಟ ದಾಸ್ತಾನನ್ನು ಹೊರಕ್ಕೆ ತಳ್ಳಿಸುತ್ತವೆ. ಬಿತ್ತನೆಗೆಂದು ಇಟ್ಟ ತೊಗರಿಯನ್ನು ಕುದಿಸಿ ಉಂಡಂತೆ. ಆ ದಿನ ಹೊಟ್ಟೆ ತುಂಬುತ್ತದೆ, ಮಳೆ ಬಂದಾಗ ಬಿತ್ತಲು ಕಾಳಿರುವುದಿಲ್ಲ. ಅಮಲಿಳಿದ ಮೇಲೆ ಊಟ, ಗೆಳೆತನ, ಹಬ್ಬ ಎಲ್ಲ ಸಪ್ಪೆಯಾಗುವುದು ಇದರಿಂದಲೇ.

ಮೆಥಾಂಫೆಟಮೈನ್ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಅದರ ಅರ್ಧಭಾಗ ಇಳಿಯಲು ಸುಮಾರು 10 ತಾಸು ಬೇಕು. ಮೆಫೆಡ್ರೋನ್ ಬೇಗ ಏರಿ ಬೇಗ ಇಳಿಯುತ್ತದೆ; ಅದಕ್ಕೇ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಮೂಗಿಗೆ ಎಳೆಯುವ ಗೀಳು ಹತ್ತುತ್ತದೆ, ಮೂಗಿನಿಂದ ರಕ್ತ ಬರುತ್ತದೆ. ಎಂಡಿಎಂಎ ಮೈಯ ಬಿಸಿಯನ್ನು ಜೀವಕ್ಕೆ ಅಪಾಯವಾಗುವಷ್ಟು ಏರಿಸಬಲ್ಲದು. ಒಟ್ಟಾರೆ ಈ ಜಾತಿಯ ಎಲ್ಲವೂ ಎದೆಬಡಿತ, ರಕ್ತದೊತ್ತಡ ಏರಿಸುತ್ತವೆ; ಚಿಕ್ಕ ವಯಸ್ಸಿನವರಿಗೂ ಹೃದಯಾಘಾತ, ಪಾರ್ಶ್ವವಾಯು ತರಬಲ್ಲವು. ಮನೆಯವರು ನೋಡಬೇಕಾದ ಗುರುತುಗಳು ಇವು: ಬೆಳಕಿನಲ್ಲೂ ಅಗಲವಾಗಿರುವ ಕಣ್ಣುಪಾಪೆ, ಎರಡು ಮೂರು ರಾತ್ರಿ ನಿದ್ದೆಯಿಲ್ಲದಿರುವುದು, ಊಟ ಬೇಡವಾಗುವುದು, ಹಲ್ಲು ಕಡಿಯುವುದು, ಬಿಡುವಿಲ್ಲದ ಮಾತು, ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುವುದು. ಆಮೇಲೆ ಎರಡು ದಿನ ಎಬ್ಬಿಸಿದರೂ ಏಳದ ನಿದ್ದೆ, ಬತ್ತಿಹೋದ ಮುಖ, ಸಿಡುಕು, ಕೆಲವೊಮ್ಮೆ ಸಾಯುವ ಮಾತು. ಬಳಕೆ ಬೆಳೆದಂತೆ ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಸಂಶಯ, ಇಲ್ಲದ ದನಿ ಕೇಳುವುದು, ಚರ್ಮದ ಕೆಳಗೆ ಹುಳ ಹರಿದಂತಾಗಿ ಪರಚಿಕೊಳ್ಳುವುದು. ಇದನ್ನು ದೆವ್ವ ಹಿಡಿದಿದೆ ಎಂದುಕೊಂಡು ಕುಟುಂಬಗಳು ಕಾಲ ಕಳೆಯುತ್ತವೆ. ಬಾಯಿಯ ವಾಸನೆ ಮಾತ್ರ ಎಲ್ಲೂ ಇರುವುದಿಲ್ಲ.

ವೈದ್ಯರು ಪರೀಕ್ಷಿಸಿ, ಅಳತೆಯಲ್ಲಿ ಬರೆದುಕೊಡುವ ಉತ್ತೇಜಕಗಳೂ ಇವೆ. ಗಮನ ನಿಲ್ಲದ ತೊಂದರೆಯಿರುವ ಮಕ್ಕಳಿಗೆ ಮೀಥೈಲ್‌ಫೆನಿಡೇಟ್ ಕೊಡುತ್ತಾರೆ. ಅದೂ ಇದೂ ಒಂದೇ ಎಂದುಕೊಂಡು ಆ ಮಕ್ಕಳ ಔಷಧಿ ಬಿಡಿಸುವುದು ಇನ್ನೊಂದು ತಪ್ಪಾದೀತು.

ಈ ಮಾತು ಮನ್ನಾಏಖೇಳ್ಳಿಯಂಥ ಊರಿಗೆ ಯಾಕೆ ಬೇಕು ಎಂದರೆ, ಅದರ ಎದುರಿನ ರಸ್ತೆಗಾಗಿ ಬೇಕು. 2016ರ ಏಪ್ರಿಲ್‌ನಲ್ಲಿ ಠಾಣೆ ನಗರದ ಪೊಲೀಸರು ಸೊಲ್ಲಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸುಮಾರು 18 ಟನ್ ಎಫೆಡ್ರಿನ್ ವಶಪಡಿಸಿಕೊಂಡರು. 2023ರ ಅಕ್ಟೋಬರ್‌ನಲ್ಲಿ ಅದೇ ಸೊಲ್ಲಾಪುರದ ಬಳಿ ಮೆಫೆಡ್ರೋನ್ ತಯಾರಿಸುತ್ತಿದ್ದ ಘಟಕಗಳು ಸಿಕ್ಕವು. 2024ರ ಫೆಬ್ರುವರಿಯಲ್ಲಿ ಪುಣೆ ಪೊಲೀಸರು ಕುರ್ಕುಂಭದ ಕಾರ್ಖಾನೆ ಮತ್ತು ದೆಹಲಿ ಸೇರಿ ಹಲವೆಡೆ 1,700 ಕಿಲೋಗೂ ಹೆಚ್ಚು ಮೆಫೆಡ್ರೋನ್ ಹಿಡಿದರು. ಕುರ್ಕುಂಭ ಇರುವುದೂ ಇದೇ ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪೊಲೀಸರು ಹೈದರಾಬಾದಿನ ಚೆರ್ಲಪಲ್ಲಿಗೆ ಬಂದು ಮೆಫೆಡ್ರೋನ್ ಕಾರ್ಖಾನೆ ಮುಚ್ಚಿಸಿದರು. ರಸ್ತೆಯ ಎರಡೂ ಕಡೆ ತಯಾರಿಯಿದೆ, ನಡುವೆ ನಮ್ಮ ಊರುಗಳಿವೆ. ಓದಲು, ದುಡಿಯಲು ನಮ್ಮ ಮಕ್ಕಳು ಹೋಗುವುದೂ ಪುಣೆಗೆ, ಹೈದರಾಬಾದಿಗೆ, ಬೆಂಗಳೂರಿಗೆ. ಆದರೂ ಹೆದರಿಕೆಗೆ ಅಳತೆಯಿರಬೇಕು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಆಂಫೆಟಮೈನ್ ಜಾತಿಯ ಉತ್ತೇಜಕ ಬಳಸಿದವರು ಶೇ. 0.18; ಮದ್ಯ ಕುಡಿಯುವವರು ಶೇ. 14.6. ಹುಡುಗರನ್ನೆಲ್ಲ ಸಂಶಯದಿಂದ ನೋಡುವ ಕಾಲ ಇದಲ್ಲ. ಗುರುತು ತಿಳಿದುಕೊಳ್ಳುವ ಕಾಲ.

ಅಮಲಿನ ಆಳ್ವಿಕೆ ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಇನ್ನೆರಡು ಅರಬಿ ಶಬ್ದಗಳು ಹೇಳುತ್ತವೆ. ಒಂದು "ತಲಬು". ನಮ್ಮ ಕಡೆ ಚಹಾದ ತಲಬು, ತಂಬಾಕದ ತಲಬು ಎನ್ನುತ್ತಾರೆ. ಸಿಗದಿದ್ದರೆ ತಲೆ ಸಿಡಿಯುವ ಆಸೆ. "ತಲಬ್" ಎಂದರೆ ಮೂಲದಲ್ಲಿ ಬೇಡಿಕೆ, ಹುಡುಕಾಟ. ದಫ್ತರಿನ ಉರ್ದುವಿನಲ್ಲಿ "ತಲಬ್ ಮಾಡುವುದು" ಎಂದರೆ ಹಾಜರಾಗು ಎಂದು ಹುಕುಮು ಕಳಿಸುವುದು. ಒಳಗಿನ ಅಮಲ್ದಾರ ಕಳಿಸುವ ಸಮನ್ಸು ಅದು. ಬಿಟ್ಟು ತಿಂಗಳುಗಳಾದ ಮೇಲೂ ಹಳೆಯ ಗೆಳೆಯನ ಫೋನು, ಹಳೆಯ ಕೋಣೆ, ಕೈಗೆ ಬಂದ ಸಂಬಳ ಅದನ್ನು ಹೊತ್ತು ತರುತ್ತವೆ. ಇನ್ನೊಂದು ಅಮಲಿನ ಒಡಹುಟ್ಟಿದ "ಮಾಮೂಲು". ಮೊದಲು ಸಂಭ್ರಮಕ್ಕೆ ತೆಗೆದುಕೊಂಡದ್ದು ಆಮೇಲೆ ಎಲ್ಲರಂತೆ ಎದ್ದು ಮುಖ ತೊಳೆಯಲು ಬೇಕಾಗುತ್ತದೆ. ಅಷ್ಟೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಬೇಕಾಗುತ್ತದೆ. ಯಾವ ಆಳ್ವಿಕೆಯಾದರೂ ಬೇರೂರಿದ್ದಕ್ಕೆ ಸಾಕ್ಷಿ ಅದು ಮಾಮೂಲಾಗುವುದೇ.

ಆದರೆ ಆಳ್ವಿಕೆ ಎಂದ ಮೇಲೆ ಅದು ಮುಗಿಯಲೂಬಹುದು. ಸೊಕ್ಕು, ಚಟ ಎಂಬ ಶಬ್ದಗಳಿಗಿಂತ ಅಮಲು ನನಗೆ ಹೆಚ್ಚು ದಯೆಯುಳ್ಳ ಶಬ್ದವಾಗಿ ಕಾಣುವುದು ಇದರಿಂದ. ಸಂಶೋಧಕಿ ನೋರಾ ವೋಲ್ಕೊವ್ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಥಾಂಫೆಟಮೈನ್ ಬಿಟ್ಟು ವರ್ಷದ ಮೇಲಾದವರ ಮಿದುಳಿನಲ್ಲಿ ಕುಗ್ಗಿಹೋಗಿದ್ದ ಡೋಪಮಿನ್ ವಾಹಕಗಳು ಗಣನೀಯವಾಗಿ ಮರಳಿ ಬಂದದ್ದು ಕಂಡಿತು. ಒಂದು ವಾರದಲ್ಲಿ ಸರಿಹೋಗುವುದಲ್ಲ. ಸರಿಹೋಗುವುದೇ ಇಲ್ಲ ಎಂದೂ ಅಲ್ಲ. ಹೆರಾಯಿನ್ ವ್ಯಸನಕ್ಕಿರುವಂತೆ ಉತ್ತೇಜಕ ವ್ಯಸನಕ್ಕೆ ಒಪ್ಪಿತವಾದ ಔಷಧಿಯೊಂದು ಇನ್ನೂ ಇಲ್ಲ. ನಿದ್ದೆ, ಊಟ, ಆಪ್ತಸಮಾಲೋಚನೆ, ಬಿಟ್ಟ ಪ್ರತಿ ವಾರಕ್ಕೂ ಸಿಗುವ ಸಣ್ಣ ಪ್ರೋತ್ಸಾಹ, ಜೊತೆಗೆ ಬಿಡದ ಮನೆಯವರು ಇವೇ ಚಿಕಿತ್ಸೆ. ಬಿಟ್ಟ ಮೊದಲ ವಾರಗಳ ಖಿನ್ನತೆಯಲ್ಲಿ ಅವರನ್ನು ಒಬ್ಬರನ್ನೇ ಬಿಡಬಾರದು.

ಹೊರಗಿನ ಅಮಲು, ಅಂದರೆ ಕಾನೂನು, ಈ ವಿಷಯದಲ್ಲಿ ಜನ ಅಂದುಕೊಂಡಷ್ಟು ಕಿವುಡಲ್ಲ. ಮಾದಕ ವಸ್ತುಗಳ ಕಾಯ್ದೆ 1985ರ ನವೆಂಬರ್ 14ರಿಂದ ಅಮಲಿನಲ್ಲಿದೆ. ಮೆಫೆಡ್ರೋನ್ 2015ರ ಫೆಬ್ರುವರಿಯಲ್ಲಿ ಅದರ ಪಟ್ಟಿಗೆ ಸೇರಿತು. ಮಾರುವವರಿಗೆ ಅದು ಕಠಿಣ. ಎಂಡಿಎಂಎ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ ಎಂದಾಗುತ್ತದೆ. ಆದರೆ ಅದೇ ಕಾಯ್ದೆಯ 64ಎ ಕಲಂ, ಬಳಕೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರದ ಇಲ್ಲವೇ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ಕಲಂ ಬಗ್ಗೆ ಎಷ್ಟೋ ತಂದೆತಾಯಿಗೆ ಗೊತ್ತೇ ಇಲ್ಲ. ಪೊಲೀಸರ ಅಂಜಿಕೆಯಿಂದಲೇ ಅವರು ಮಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಆಸ್ಪತ್ರೆಗೆ ತರುವುದಿಲ್ಲ.

ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. 14446 ಎಂಬ ಸಂಖ್ಯೆಗೆ ಯಾರು ಬೇಕಾದರೂ ಹಣವಿಲ್ಲದೆ ಕರೆಮಾಡಿ ವ್ಯಸನದ ಬಗ್ಗೆ ಕೇಳಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ. ಮೈ ಸುಡುವಷ್ಟು ಬಿಸಿ, ಎದೆನೋವು, ಫಿಟ್ಸ್, ಎಚ್ಚರ ತಪ್ಪುವುದು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಬೇಕು. ಏನು ತೆಗೆದುಕೊಂಡಿದ್ದಾನೆ ಎಂಬುದನ್ನು ವೈದ್ಯರಿಗೆ ಮುಚ್ಚಿಡಬಾರದು.

ಮಕ್ಕಳ ಕಣ್ಣಿನಲ್ಲಿ ನಿದ್ದೆ ಕಾಣದಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳೋಣ: "ಏನಾಗ್ಯಾದೋ ಅಪ್ಪಾ, ಹೇಳು." ಅಂಗಡಿಯವನು, ಮೇಷ್ಟ್ರು, ಲಾರಿಯ ಮಾಲೀಕರು, ಮಠದ ಸ್ವಾಮಿಗಳು, ಮಸೀದಿಯ ಹಿರಿಯರು ಎಲ್ಲರೂ ಈ ಗುರುತುಗಳನ್ನು ತಿಳಿದಿರಲಿ. ಮಾರುವವನನ್ನು ಹಿಡಿಯುವುದು ಪೊಲೀಸರ ಕೆಲಸ. ಸಿಕ್ಕಿಬಿದ್ದವನನ್ನು ಬಿಡಿಸಿಕೊಳ್ಳುವುದು ಊರಿನ ಕೆಲಸ. "ನಶಾಖೋರ" ಎಂದು ಕರೆದು ದೂರವಿಟ್ಟರೆ ಅವನು ಆ ಅಮಲಿನಲ್ಲೇ ಉಳಿಯುತ್ತಾನೆ. ಅವನ ಮೇಲೆ ಬೇರೆಯದರ ಅಮಲು ನಡೆದಿದೆ ಎಂದು ತಿಳಿದರೆ, ಅದನ್ನು ಕೊನೆಗಾಣಿಸಲು ಅವನ ಪಕ್ಕದಲ್ಲಿ ನಿಲ್ಲುವುದು ನಮ್ಮ ಕರ್ತವ್ಯ ಎಂಬುದೂ ತಿಳಿಯುತ್ತದೆ.